ಹುಣಸೆ ತೋಪಿಗೊಂದು ಸ್ಟೌ

ಅಂಗಡಿಯವನು ಮೇಜಿನ ಮೇಲೆ ಮೂರು ಸ್ಟೌಗಳನ್ನು ಸಾಲಾಗಿ ಇಟ್ಟು, ಮದುವೆಗೆ ಗಂಡು ತೋರಿಸುವ ದಲ್ಲಾಳಿಯ ಹಾಗೆ ಒಂದೊಂದರ ಗುಣಗಾನ ಶುರು ಮಾಡಿದ. ಮೊದಲನೆಯದು ಅಂಗೈಯಗಲದ್ದು, ಡಬ್ಬಿಯ ಗ್ಯಾಸಿನಲ್ಲಿ ಉರಿಯುವಂಥದ್ದು. ಬೆಂಗಳೂರಿನಿಂದ ತರಿಸಿದ್ದಂತೆ, ಮಡಚಿದರೆ ಜೇಬಿನಲ್ಲಿ ಹಿಡಿಯುತ್ತದಂತೆ. ಎರಡನೆಯದು ಚಿಕ್ಕ ಸಿಲಿಂಡರಿನ ನೆತ್ತಿಯ ಮೇಲೇ ಬರ್ನರ್ ಕೂರಿಸಿದ್ದು. ಮೂರನೆಯದು ಸ್ಪಿರಿಟ್ ಹಾಕಿ ಹಚ್ಚುವ ಪುಟಾಣಿ. "ಯಾವ ಉರುವಲಿಂದು ಬೇಕಮ್ಮಾ?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಗಳು ನಾಜಿಯಾ, "ಅವ್ರಿಗೇನು ಗೊತ್ತಾಗುತ್ತೆ ಇದೆಲ್ಲಾ, ನನ್ನ ಕೇಳಿ," ಅಂದಳು.

ಕ್ಯಾತ್ಸಂದ್ರದ ಹತ್ತಿರ ಕಾಲೇಜಿಗೆ ಹೋಗುವ ಹುಡುಗಿ ಅವಳು. ಎರಡು ದಿನ ಬೆಟ್ಟದ ಮೇಲೆ ಕ್ಯಾಂಪ್ ಇದೆಯೆಂದು, ಅಡುಗೆಯ ಉಸ್ತುವಾರಿ ತನ್ನದೆಂದು ವಾರದಿಂದ ಮನೆಯಲ್ಲಿ ಮೆರೆಯುತ್ತಿದ್ದಳು. ನನಗೇನು ಗೊತ್ತಂತೆ! ಗಾಳಿಗೆ ಯಾವ ಸ್ಟೌ ನಿಲ್ಲುತ್ತದೆ, ಮುದ್ದೆ ತೊಳಸುವಾಗ ಯಾವುದು ಕಾಲು ಮುರಿದುಕೊಳ್ಳುತ್ತದೆ, ಯಾವ ಉರುವಲು ಅನ್ನಕ್ಕೆ ವಾಸನೆ ಹತ್ತಿಸುತ್ತದೆ ಎಂದು ನನ್ನನ್ನು ಕೇಳಲಿ, ಆ ಅಂಗಡಿಯವನಿಗೂ ಸೇರಿಸಿ ಪಾಠ ಹೇಳಿಯೇನು. ಅಷ್ಟರಲ್ಲಿ ಮನಸ್ಸು ಬೇರೆ ಕಡೆ ಹೋಯಿತು. ಅಂಗಡಿಯ ಹಿಂಭಾಗದಲ್ಲಿ ಯಾರೋ ಹಳೆಯ ಸ್ಟೌ ಒಂದನ್ನು ಬಿಚ್ಚಿ ಹರಡಿಕೊಂಡಿದ್ದರು, ಅಲ್ಲಿಂದ ಸೀಮೆಎಣ್ಣೆಯ ವಾಸನೆ ತೇಲಿ ಬಂತು. ಆ ವಾಸನೆ ಬಂದರೆ ಅದರ ಬೆನ್ನಿಗೇ ಹುಣಸೆಹಣ್ಣಿನ ವಾಸನೆಯೂ ನನ್ನ ಮೂಗಿಗೆ ಬಂದೇ ಬರುತ್ತದೆ. ಎದುರಿಗೆ ಹುಣಸೆ ಇರಬೇಕೆಂದೇನಿಲ್ಲ.

ತೊಂಬತ್ತೊಂದನೇ ಇಸವಿಯ ಬೇಸಿಗೆ ಅದು. ನಾನು ಕುಣಿಗಲ್‌ನ ಟೈಲರ್ ಒಬ್ಬರ ಮಗಳು. ತುಮಕೂರಿಗೆ ಸೊಸೆಯಾಗಿ ಬಂದು ಇನ್ನೂ ಕೈಯ ಹೊಸ ಬಳೆ ಸವೆದಿರಲಿಲ್ಲ. ಗಂಡನ ಮನೆಯವರದು ಹುಣಸೆ ವ್ಯಾಪಾರ. ಕಾಯಿ ಮರದಲ್ಲಿರುವಾಗಲೇ ರೈತರ ತೋಪಿಗೆ ಹೋಗಿ, ಕತ್ತೆತ್ತಿ ನೋಡಿ, ಇಡೀ ತೋಪಿನ ಫಸಲನ್ನು ಗುತ್ತಿಗೆಗೆ ಹಿಡಿಯುವುದು. ಹಣ್ಣಾದ ಮೇಲೆ ಆಳುಗಳನ್ನು ಕರೆದುಕೊಂಡು ಹೋಗಿ ತೋಪಿನಲ್ಲೇ ಟಾರ್ಪಾಲು ಕಟ್ಟಿ, ಕೊನೆಯ ಮರ ಬಡಿದು ಮುಗಿಯುವವರೆಗೂ ಅಲ್ಲೇ ಬಿಡಾರ ಹೂಡುವುದು. ಮಾವ ತೀರಿಕೊಂಡ ಮೇಲೆ ಈ ವ್ಯವಹಾರವನ್ನೆಲ್ಲ ಅತ್ತೆಯೇ ನಡೆಸುತ್ತಿದ್ದರು. ಹೆಸರು ಖೈರುನ್ನಿಸಾ. ಗುಬ್ಬಿ ಕಡೆಯ ರೈತರ ಬಾಯಲ್ಲಿ ಅದು ಉರುಳಿ ಉರುಳಿ ಖೈರಮ್ಮ ಆಗಿತ್ತು. ಮರದ ಕೆಳಗೆ ನಿಂತು ಅವರು ಒಂದು ಅಂದಾಜು ಹೇಳಿದರೆ ಮಂಡಿಯ ತಕ್ಕಡಿ ಅದಕ್ಕೆ ತಲೆಯಾಡಿಸುತ್ತಿತ್ತು. ಅಂಥಾ ಹೆಂಗಸು.

ನಮ್ಮ ಮನೆಮಾತು ಉರ್ದು. ಆದರೆ ಅತ್ತೆಗೆ ಸಿಟ್ಟು ಬಂದರೆ ಕನ್ನಡ ಬರುತ್ತಿತ್ತು. ರೈತರ ಜೊತೆ ಚೌಕಾಸಿ ಮಾಡುತ್ತ, ಮಂಡಿಯವರ ಜೊತೆ ಜಗಳವಾಡುತ್ತ ಕಲಿತ ಭಾಷೆಯಾದ್ದರಿಂದ ಗದರುವುದಕ್ಕೆ ಅವರಿಗೆ ಅದೇ ಒಗ್ಗಿತ್ತು. ಅಕ್ಕರೆಗೆ ಉರ್ದು, ಗದರಿಕೆಗೆ ಕನ್ನಡ. ಬೆಳಿಗ್ಗೆ ಎದ್ದಾಗ ಅವರ ಬಾಯಿಂದ ಯಾವುದು ಹೊರಡುತ್ತದೆ ಎಂದು ಕಿವಿಗೊಟ್ಟು, ಅವತ್ತಿನ ದಿನ ಹೇಗೆಂದು ನಾನು ತಿಳಿದುಕೊಳ್ಳುತ್ತಿದ್ದೆ.

ಆ ವರ್ಷ ಹಿಡಿದದ್ದು ಗುಬ್ಬಿಯಿಂದಾಚೆ ಕೆರೆ ಏರಿಗೆ ಹೊಂದಿಕೊಂಡಿದ್ದ ಒಂದು ತೋಪು. ಅದರ ಒಡತಿ ಪುಟ್ಟಗೌರಮ್ಮ. ತೆಂಗಿನ ತೋಟ, ರಾಗಿ ಹೊಲ ಎಲ್ಲ ಇದ್ದ ಗಟ್ಟಿ ಕುಳ, ಮಾತೂ ಗಟ್ಟಿ. ಹಿಂದಿನ ವರ್ಷ ಗುತ್ತಿಗೆಗೆ ಬಂದವರು ಒಂದು ಮರದ ಬುಡಕ್ಕೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದರಂತೆ. ದಿನಾ ಉರಿದೂ ಉರಿದೂ ಬುಡ ಬೆಂದು, ಮಳೆಗಾಲ ಬರುವಷ್ಟರಲ್ಲಿ ಅರ್ಧ ಮರ ಒಣಗಿ ನಿಂತಿತ್ತು. ವ್ಯಾಪಾರ ಕುದುರಿ ಎಲೆ ಅಡಿಕೆ ಕೊಡುವ ಹೊತ್ತಿನಲ್ಲಿ ಆಕೆ ಆ ಮರವನ್ನೇ ತೋರಿಸಿ, "ಖೈರಮ್ಮ, ನೆಲದ ಮ್ಯಾಲೆ ಒಲೆ ಹೂಡಂಗಿಲ್ಲ. ಒಪ್ಪೋದಾದ್ರೆ ಬಾ, ಇಲ್ದಿದ್ರೆ ಎಲೆ ಅಡಿಕೆ ತಿಂದ್ಕಂಡು ಹೋಗು," ಅಂದಳು. ಅತ್ತೆ ಒಪ್ಪಿಕೊಂಡರು. ಸೌದೆಯೇ ಸೌದೆ ಬಿದ್ದಿರುವ ತೋಪಿಗೆ ಸ್ಟೌ ಹೊತ್ತುಕೊಂಡು ಹೋಗುವ ಯೋಗ ನಮಗೆ ಬಂದದ್ದು ಹೀಗೆ.

ಹೊಸ ಸೊಸೆಯನ್ನು ತೋಪಿಗೆ ಕರೆದೊಯ್ಯುವ ರೂಢಿ ಇರಲಿಲ್ಲ. ಹೋಗಬೇಕೆಂದು ಹಟ ಹಿಡಿದವಳು ನಾನೇ. ಗಂಡ ತಿಂಗಳುಗಟ್ಟಲೆ ಗುಬ್ಬಿಯಲ್ಲಿ, ನಾನು ತುಮಕೂರಿನ ಆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದೇ? ನನ್ನ ಗಂಡ ಇಲಿಯಾಸ್ ಅವರ ಮುಖ ಅರಳಿತು. ಅತ್ತೆ ಬಹಳ ಹೊತ್ತು ಯೋಚನೆ ಮಾಡಿ, ಮೊದಲು ಸ್ಟೌ ಯಾವುದೆಂದು ತೀರ್ಮಾನವಾಗಲಿ, ಆಮೇಲೆ ನಿನ್ನ ಮಾತು ಅಂದರು. ಸ್ಟೌವಿಗೂ ನಾನು ಹೋಗುವುದಕ್ಕೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ.

ನಮ್ಮ ಹಿತ್ತಲಲ್ಲಿ ಸ್ಟೌಗಳ ಪರೀಕ್ಷೆ ನಡೆಯಿತು. ಇಲಿಯಾಸ್ ಗೆಳೆಯನ ಹತ್ತಿರ ಕೇಳಿ ಚಿಕ್ಕ ಗ್ಯಾಸ್ ಸಿಲಿಂಡರು ತಂದರು. ಆಗ ಅದು ಊರಿಗೆ ಹೊಸದು. ನೀಲಿ ಜ್ವಾಲೆ, ಮಸಿಯಿಲ್ಲ, ವಾಸನೆಯಿಲ್ಲ. ನನಗಂತೂ ಕಣ್ಣು ಕೀಳಲಾಗಲಿಲ್ಲ. ಅತ್ತೆ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಎಷ್ಟಿದೆ ಎಂದು ಕಾಣುವುದಿಲ್ಲವಲ್ಲ ಅಂದರು. ಅನ್ನ ಅರ್ಧ ಬೆಂದಾಗ ಮುಗಿದರೆ ಗುಬ್ಬಿಯ ತೋಪಿನಲ್ಲಿ ತುಂಬಿಸಿಕೊಡುವವರು ಯಾರು? ಸೀಮೆಎಣ್ಣೆಯಾದರೆ ಯಾರ ಮನೆ ಬಾಗಿಲು ತಟ್ಟಿದರೂ ಒಂದು ಸೀಸೆ ಹುಟ್ಟುತ್ತದೆ. ಗ್ಯಾಸ್ ವಾಪಸ್ ಹೋಯಿತು. ಆಮೇಲೆ ಪಕ್ಕದ ಮನೆಯವರ ಹೊಟ್ಟಿನ ಒಲೆ ಬಂತು. ತಗಡಿನ ಡಬ್ಬದ ನಡುವೆ ಸೀಸೆ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ಗಿಡಿದು, ಸೀಸೆ ಎಳೆದುಬಿಟ್ಟರೆ ಆ ಕೊಳವೆಯಲ್ಲಿ ಉರಿ ನಿಲ್ಲುತ್ತದೆ. ಸಾ ಮಿಲ್ಲಿನಲ್ಲಿ ಹೊಟ್ಟಿಗೇನು ಬರವೇ? ಆದರೆ ಅದನ್ನು ಒಮ್ಮೆ ಹಚ್ಚಿದರೆ ಮುಗಿಯಿತು, ತಾನಾಗಿ ಉರಿದು ಮುಗಿಯುವ ತನಕ ಆರಿಸುವ ಹಾಗಿಲ್ಲ. ತರಗೆಲೆಯ ನಡುವೆ ಅಂಥದ್ದನ್ನು ಇಟ್ಟುಕೊಂಡು ಮರ ಬಡಿಯಲು ಹೋಗುವುದು ಹೇಗೆ ಎಂದು ಅತ್ತೆ ಅದನ್ನೂ ತಳ್ಳಿಹಾಕಿದರು.

ಕೊನೆಗೆ ಉಳಿದದ್ದು ನನ್ನ ತವರಿನಿಂದ ಬಂದ ಹತ್ತು ಬತ್ತಿಯ ಸ್ಟೌ. ಮದುವೆಗೆ ಅಮ್ಮ ಪಾತ್ರೆ ಪಗಡಗಳ ಜೊತೆ ಅದನ್ನೂ ಆರಿಸಿ ಆರಿಸಿ ಕೊಟ್ಟಿದ್ದಳು. ಅತ್ತೆ ಅದರ ಮೇಲೆ ಎರಡೂ ಕೈಯೂರಿ ಭಾರ ಬಿಟ್ಟು ನೋಡಿದರು, ಅಲ್ಲಾಡಲಿಲ್ಲ. ಮರ ಹತ್ತುವ ಆಳುಗಳು ಕೋರ ಎಂಬ ಊರಿನ ಕಡೆಯವರು, ಮಧ್ಯಾಹ್ನ ಮುದ್ದೆ ಬೀಳದಿದ್ದರೆ ಅವರಿಗೆ ಮರ ಕಾಣುವುದಿಲ್ಲ. ಹಿಟ್ಟು ಹಾಕಿದ ಪಾತ್ರೆಯ ಭಾರ ತಡೆಯುವುದೇ ಸ್ಟೌ ಎಂದು ಅತ್ತೆ ನನ್ನ ಕಡೆ ನೋಡಿ ನಕ್ಕರು. ನನ್ನ ತವರಿನ ಸ್ಟೌ ಗೆದ್ದಿತು, ನಾನು ತೋಪಿಗೆ ಹೋಗುವುದೂ ಖಾತ್ರಿಯಾಯಿತು! ನಾನು ಉಬ್ಬಿಹೋದೆ. ಆಗ ಇಲಿಯಾಸ್ ಸುಮ್ಮನಿರಲಾರದೆ, ತೋಪು ಏರಿಯ ಪಕ್ಕದಲ್ಲಿದೆ, ಗಾಳಿ ಜೋರು, ಅಟ್ಟದ ಮೇಲೆ ಅಬ್ಬಾನ ಕಾಲದ ಹಿತ್ತಾಳೆ ಪಂಪ್ ಸ್ಟೌ ಇದೆಯಲ್ಲ, ಅದೂ ಇರಲಿ ಅಂದರು.

"ಅದರ ಸುದ್ದಿ ಎತ್ತಬೇಡ," ಅಂದರು ಅತ್ತೆ, ಕನ್ನಡದಲ್ಲಿ.

ಪಂಪ್ ಸ್ಟೌ ಎಂದರೆ ಆಗ ಹೆಣ್ಣು ಹೆತ್ತವರಿಗೆ ನಡುಕ. "ಸ್ಟೌ ಸಿಡಿದು ಗೃಹಿಣಿ ಸಾವು" ಎಂದು ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದರೆ ಮೂರನೆಯ ಸಾಲನ್ನು ಎಲ್ಲರೂ ತಾವೇ ಓದಿಕೊಳ್ಳುತ್ತಿದ್ದರು. ನಮ್ಮ ಕುಣಿಗಲ್ ಬೀದಿಯಲ್ಲೇ ಒಬ್ಬಳು ಹುಡುಗಿಯನ್ನು ಬೇರೆ ಊರಿಗೆ ಕೊಟ್ಟು, ಆರು ತಿಂಗಳಿಗೆ ಅಂಥದೇ ಸುದ್ದಿ ಬಂದಿತ್ತು. ಅವಳ ಹೆಸರನ್ನು ನಮ್ಮಮ್ಮ ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಹಿತ್ತಲಿನಲ್ಲಿ ನಿಂತಿದ್ದ ನಾನು ಹೊಸ ಮದುಮಗಳು, ತೋಪಿನ ಕನಸಿನಲ್ಲಿದ್ದೆ. ಅದೂ ಇದೂ ಸೇರಿಸಿ ನೋಡುವ ಬುದ್ಧಿ ಎಲ್ಲಿಂದ ಬರಬೇಕು?

ತೋಪು ಚೆನ್ನಾಗಿತ್ತು. ಬೆಳಗಾಗುತ್ತಲೇ ಆಳುಗಳು ಮರ ಹತ್ತಿ ಕೊಂಬೆ ಕುಲುಕಿದರೆ ಹಣ್ಣು ಪಟಪಟ ಉದುರುತ್ತಿತ್ತು. ಹೆಂಗಸರು ಗೋಣಿ ಹಾಸಿಕೊಂಡು ಸಿಪ್ಪೆ ಬಿಡಿಸುತ್ತ, ನಾರು ಎಳೆಯುತ್ತ, ಅತ್ತೆಯಂದಿರ ಚಾಡಿ ಹೇಳುತ್ತ ಕೂರುತ್ತಿದ್ದರು. ನನ್ನ ಅತ್ತೆ ಅಲ್ಲೇ ಇದ್ದುದರಿಂದ ನಾನು ಕೇಳಿಸಿಕೊಳ್ಳುವ ಕೆಲಸ ಮಾತ್ರ ಮಾಡುತ್ತಿದ್ದೆ. ಬೆರಳ ತುದಿಯೆಲ್ಲ ಹುಳಿ ಹತ್ತಿ ಚುರುಗುಟ್ಟುತ್ತಿತ್ತು, ಹಲ್ಲು ಚಳಿತು ಹೋಗಿತ್ತು. ಸಂಜೆ ಏರಿಯ ಮೇಲೆ ಇಲಿಯಾಸ್ ಜೊತೆ ಎರಡು ಹೆಜ್ಜೆ ಹೋಗಿ ಬಂದರೆ ಅದೇ ನಮ್ಮ ಹನಿಮೂನು. ಹಾಗೆ ನೋಡಿದರೆ ಆ ಬೇಸಿಗೆಯಷ್ಟು ಸುಖವಾಗಿ ನಾನು ಮತ್ತೆ ಎಂದೂ ಹುಳಿ ತಿಂದಿಲ್ಲ.

ಆದರೆ ಗಾಳಿ! ಕೆರೆಯಲ್ಲಿ ನೀರು ತಳ ಕಂಡಿತ್ತು, ಬಯಲಿನ ಗಾಳಿ ನೇರವಾಗಿ ತೋಪಿಗೆ ನುಗ್ಗುತ್ತಿತ್ತು. ನನ್ನ ಹತ್ತು ಬತ್ತಿಗಳಲ್ಲಿ ಒಂದು ಕಡೆ ಐದು ಹತ್ತಿಸುವಷ್ಟರಲ್ಲಿ ಇನ್ನೊಂದು ಕಡೆ ಐದು ಆರುತ್ತಿದ್ದವು. ತಗಡು ಅಡ್ಡ ಇಟ್ಟೆ, ಗೋಣಿ ಕಟ್ಟಿದೆ, ಕೊನೆಗೆ ಸೆರಗು ಹರಡಿಕೊಂಡು ನಾನೇ ಅಡ್ಡ ಕೂತೆ. ಅದನ್ನು ನೋಡಿದ ಅತ್ತೆ ಓಡಿಬಂದು ನನ್ನನ್ನು ರಟ್ಟೆ ಹಿಡಿದು ಎಳೆದು ಪಕ್ಕಕ್ಕೆ ಹಾಕಿದ ರಭಸಕ್ಕೆ ಎರಡು ಬಳೆ ಒಡೆದವು. ಅವತ್ತು ನೀರು ಕುದಿಯಲೇ ಇಲ್ಲ. ಆಳುಗಳು ಕಾಯುತ್ತಿದ್ದಾರೆಂದು ಅವಸರಕ್ಕೆ ಹಿಟ್ಟು ಹಾಕಿದೆ, ಗಂಟುಗಂಟಾಗಿ ಸೀಮೆಎಣ್ಣೆ ವಾಸನೆ ಹೊಡೆಯುವ ಒಂದು ಪದಾರ್ಥ ತಯಾರಾಯಿತು. ಹಿರಿಯ ಆಳೊಬ್ಬ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಇದ್ನ ನುಂಗದೋ ಕುಡಿಯದೋ ಹೇಳ್ಬುಡವ್ವ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಮರದ ಹಿಂದೆ ಹೋಗಿ ಅತ್ತುಬಿಟ್ಟೆ.

ಮಾರನೆಯ ದಿನ ಅತ್ತೆ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಸಂಜೆಗೆ ಹಿಂತಿರುಗಿದರು. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಅಟ್ಟದ ಮೇಲಿದ್ದ ಹಿತ್ತಾಳೆ ಪಂಪ್ ಸ್ಟೌ, ಹುಣಸೆ ಹಾಕಿ ಉಜ್ಜಿ ಫಳಫಳ ಮಾಡಿದ್ದರು.

ಅಂದಿನಿಂದ ಆ ಸ್ಟೌ ಅವರದಾಯಿತು, ನಾನು ಹೊರಗಿನವಳಾದೆ. ಹಚ್ಚುವುದು ಅವರೇ, ಪಂಪು ಹೊಡೆಯುವುದು ಅವರೇ, ಎಣ್ಣೆ ತುಂಬುವುದು ಅವರೇ, ಆರಿಸುವುದೂ ಅವರೇ. ಬರ್ನರಿನ ತೂತು ಕಟ್ಟಿದರೆ ಬಿಡಿಸುವ ಒಂದು ಪಿನ್ನು ಇರುತ್ತದಲ್ಲ, ಅದಿಲ್ಲದೆ ಆ ಸ್ಟೌ ಹತ್ತುವುದಿಲ್ಲ. ಅದನ್ನು ಬೀಗದ ಕೈಗಳ ಜೊತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಕಡ್ಡಿಪೆಟ್ಟಿಗೆಯೂ ನನ್ನ ಕೈಗೆ ಸಿಗುತ್ತಿರಲಿಲ್ಲ. ಹಚ್ಚುವ ಮೊದಲು ಒಂದು ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಿಸಿ ಪಾತ್ರೆ ಇಳಿಸಿ ಇಡುವುದಕ್ಕೆ ಇರಬೇಕೆಂದು ನಾನು ಅಂದುಕೊಂಡಿದ್ದೆ. ಆದರೆ ಪಾತ್ರೆಯನ್ನು ಅವರು ಎಂದೂ ಅದರ ಮೇಲೆ ಇಡಲಿಲ್ಲ. ನಾನು ಸ್ಟೌವಿನ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, "ಅಲ್ಲೇ ನಿಂತ್ಕೋ. ಆ ಮರದ ಹತ್ರ ಹೋಗಿ ಹಣ್ಣು ಆರಿಸು," ಎಂದು ಕನ್ನಡದಲ್ಲಿ ಗದರಿ ಅಟ್ಟುತ್ತಿದ್ದರು.

ತುಮಕೂರಿನ ಮನೆಯ ಸೌದೆ ಒಲೆಯನ್ನು ನಾನು ಕಾಲಿಟ್ಟ ವಾರದಲ್ಲೇ ನನ್ನ ಕೈಗೆ ಒಪ್ಪಿಸಿದ್ದವರು ಇವರೇ. ಈಗ ಏಕೆ ಹೀಗೆ? ನನ್ನ ಬತ್ತಿ ಸ್ಟೌವಿನ ಪ್ರತಾಪ ನೋಡಿ ನಂಬಿಕೆ ಹೋಯಿತು ಎಂದುಕೊಂಡೆ. ಒಲೆ ಕೈಗೆ ಸಿಗದ ಸೊಸೆಗೆ ಆ ಮನೆಯಲ್ಲಿ ಯಾವ ಸ್ಥಾನ? ನೆಂಟಳು, ಅಷ್ಟೆ. ಸಾಲದ್ದಕ್ಕೆ ಪುಟ್ಟಗೌರಮ್ಮ ಮಜ್ಜಿಗೆ ತಂದುಕೊಟ್ಟ ನೆಪದಲ್ಲಿ ಬಂದು, ಎಲ್ಲರೂ ಕೇಳುವಂತೆ, ಖೈರಮ್ಮ ಸೊಸೆ ಕೈಲಿ ಒಂದು ಕಡ್ಡಿಯನ್ನೂ ಗೀರಿಸುವುದಿಲ್ಲವಲ್ಲ, ತಂದುಕೊಂಡದ್ದು ಮಗನಿಗೋ ಗೋಡೆಯ ಗೂಡಿನಲ್ಲಿಟ್ಟು ನೋಡುವುದಕ್ಕೋ ಎಂದು ಆಡಿಕೊಂಡಳು. ಹಣ್ಣು ಬಿಡಿಸುತ್ತಿದ್ದ ಹೆಂಗಸರು ಮುಸಿಮುಸಿ ನಕ್ಕರು. ಇಲಿಯಾಸ್‌ಗೆ ಹೇಳಿದರೆ, "ಅಮ್ಮಿ ಹಂಗೇ ಕಣೇ," ಎಂದು ಹೇಳಿ ಮರ ಹತ್ತಿಬಿಟ್ಟರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಮರ ಬಹಳ ಬೇಗ ಸಿಗುತ್ತದೆ.

ಅಷ್ಟರಲ್ಲಿ ರಂಜಾನ್ ಬಂತು. ಬಾಯಾರಿಸುವ ಬಿಸಿಲು. ಅತ್ತೆ ಉಪವಾಸವಿದ್ದುಕೊಂಡೇ ಮಧ್ಯಾಹ್ನ ಆಳುಗಳಿಗೆ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸುತ್ತಿದ್ದರು. ನಮಗೆ ಸಂಜೆ ಉಪವಾಸ ಬಿಡಲು ಗಂಜಿ, ಮತ್ತೆ ನಸುಕಿಗೆ ಅಡುಗೆ. ಎಲ್ಲದಕ್ಕೂ ಆ ಸ್ಟೌವಿನ ಭರ್ರೋ ಸದ್ದು, ಎಲ್ಲದಕ್ಕೂ ಅವರೇ. ಒಂದು ವಾರ ಕಳೆಯುವಷ್ಟರಲ್ಲಿ ಅವರಿಗೆ ಜ್ವರ ಬಂತು. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಜ್ವರದಲ್ಲಿ ಉಪವಾಸ ಬಿಡಬಹುದಲ್ಲವೇ ಅಂದರೆ ಕೇಳಲಿಲ್ಲ, ಸ್ಟೌವನ್ನಾದರೂ ನನಗೆ ಬಿಡಿ ಎಂದು ಬೇಡಿಕೊಂಡರೆ ಅದನ್ನೂ ಕೇಳಲಿಲ್ಲ. ಟಾರ್ಪಾಲಿನ ಕಂಬ ಹಿಡಿದುಕೊಂಡು ಎದ್ದುಬಂದು, ಗೋಣಿ ಅದ್ದಿ, ನಡುಗುವ ಕೈಯಲ್ಲಿ ಪಂಪು ಹೊಡೆದರು. ಅದನ್ನು ನೋಡಿ ನನಗೆ ಕರುಣೆ ಬರಬೇಕಿತ್ತು, ಬಂದದ್ದು ರೋಷ. ಸಾಯುತ್ತೇನೆಂದರೂ ಸರಿ, ನನ್ನ ಕೈಯ ಅಡುಗೆ ಬೇಡವೇ ಇವರಿಗೆ?

ಅವತ್ತು ಹಣ್ಣಿನ ಲಾರಿಯೊಂದು ಕುಣಿಗಲ್ ಕಡೆಗೆ ಹೊರಟಿತ್ತು. ಡ್ರೈವರು ನಮ್ಮ ಬೀದಿಯವನೇ. ಅಮ್ಮನಿಗೆ ಹೇಳಿ, ಬಂದು ನನ್ನನ್ನು ಕರೆದುಕೊಂಡು ಹೋಗಲಿ, ಇಲ್ಲಿ ಸ್ಟೌ ವಿಷಯಕ್ಕೆ ಅತ್ತೆಗೂ ನನಗೂ ಆಗುತ್ತಿಲ್ಲ ಎಂದು ಹೇಳಿಕಳಿಸಿದೆ. ಹಬ್ಬಕ್ಕೆ ತವರಿಗೆ ಹೋದವಳು ಬೇಗನೆ ಬರಕೂಡದು, ಇವರಿಗೆಲ್ಲ ಗೊತ್ತಾಗಲಿ ಎಂಬುದು ನನ್ನ ಲೆಕ್ಕಾಚಾರ. ಸ್ಟೌ ಎನ್ನುವ ಆ ಒಂದು ಪದ ಕುಣಿಗಲ್ ತಲುಪಿದರೆ ಹೆತ್ತ ಹೊಟ್ಟೆಯಲ್ಲಿ ಏನಾದೀತು ಎಂದು ನನಗೆ ಹೊಳೆಯಲೇ ಇಲ್ಲ.

ಅಮ್ಮ ಮರುದಿನ ಮಧ್ಯಾಹ್ನಕ್ಕೆಲ್ಲ ಬಂದುಬಿಟ್ಟಳು. ಕುಣಿಗಲ್‌ನಿಂದ ತುಮಕೂರು, ಅಲ್ಲಿಂದ ಗುಬ್ಬಿ, ಗುಬ್ಬಿಯಿಂದ ಬಿಸಿಲಲ್ಲಿ ನಡಿಗೆ. ಕೈಯಲ್ಲಿ ಒಂದು ಚೀಲವೂ ಇಲ್ಲ. ಮಗಳನ್ನು ನೋಡಲು ಬರುವ ತಾಯಿ ಬರಿಗೈಯಲ್ಲಿ ಬರುತ್ತಾಳೆಯೇ? ಕಾಲಲ್ಲಿ ಒಂದು ಚಪ್ಪಲಿ ತನ್ನದು, ಇನ್ನೊಂದು ಅಪ್ಪನದು. ತೋಪಿನ ಅಂಚಿನಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದಳು, "ಶಮೀಮ್!" ನಾನು ದೂರದ ಮರದ ಕೆಳಗೆ ಹಣ್ಣು ಆರಿಸುತ್ತಿದ್ದವಳು ಎದ್ದು ಓಡಿದೆ. ಅವಳು ನನ್ನ ಮುಖ ಹಿಡಿದಳು, ಕೈ ಹಿಡಿದಳು, ತೋಳು ಮೇಲೆತ್ತಿ ತಿರುಗಿಸಿ ನೋಡಿದಳು. ಎಲ್ಲ ನೋಡಿ ಆದಮೇಲೆ ಅವಳ ದೃಷ್ಟಿ ಟಾರ್ಪಾಲಿನ ಕಡೆ ಹೋಯಿತು. ಅಲ್ಲಿ ಪಂಪ್ ಸ್ಟೌ ಭರ್ರೆಂದು ಉರಿಯುತ್ತಿತ್ತು. ಅದರ ಮುಂದೆ ಅತ್ತೆ ಜ್ವರದ ಮೈಗೆ ಕಂಬಳಿ ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಒದ್ದೆ ಗೋಣಿ.

ಅಮ್ಮ ಅಲ್ಲೇ ತರಗೆಲೆಯ ಮೇಲೆ ಕುಸಿದು ಕೂತು ಅಳತೊಡಗಿದಳು. ನಾನು ನನ್ನ ಕಷ್ಟಕ್ಕೇ ಅಳುತ್ತಿದ್ದಾಳೆ ಎಂದುಕೊಂಡು ನಾನೂ ಒಂದೆರಡು ಹನಿ ಸೇರಿಸಿದೆ.

ಅತ್ತೆ ಸ್ಟೌವಿನ ಗಾಳಿ ಬಿಟ್ಟು ಆರಿಸಿದರು. ಭರ್ರೋ ಸದ್ದು ನಿಂತಿತು. ಕೂತಲ್ಲಿಂದಲೇ ನಮ್ಮ ಕಡೆ ತಿರುಗಿ, "ನೋಡ್ಕಳಿ. ಚೆನ್ನಾಗಿ ನೋಡ್ಕಳಿ. ನಿಮ್ಮ ಮಗಳ ಒಂದು ಕೂದ್ಲೂ ಬಿಸಿಯಾಗಿಲ್ಲ," ಅಂದರು.

ಕನ್ನಡದಲ್ಲಿ ಅಂದರು. ಇನ್ನು ಬೈಗುಳವೇ ಎಂದುಕೊಂಡೆ. ಆದರೆ ಅಮ್ಮ ಎದ್ದುಹೋಗಿ ಅವರ ಎರಡೂ ಕೈ ಹಿಡಿದುಕೊಂಡು, ತಪ್ಪಾಯಿತು, ನನ್ನನ್ನು ಕ್ಷಮಿಸಿಬಿಡಿ ಎಂದು ಬಿಕ್ಕಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಕೂಗು ಕೇಳಿ ಬಂದಿದ್ದ ಪುಟ್ಟಗೌರಮ್ಮನೂ ಸೇರಿ ಅಲ್ಲಿ ನಿಂತಿದ್ದವರಲ್ಲಿ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಮ್ಮನೇ ಹೇಳಿದಳು. ಮದುವೆ ಮುಗಿದು ನನ್ನನ್ನು ಕಳಿಸಿಕೊಡುವ ಹೊತ್ತಿನಲ್ಲಿ, ಎಲ್ಲರೂ ಅಳುತ್ತಿರುವಾಗ, ಅವಳು ಅತ್ತೆಯನ್ನು ಬಾಗಿಲ ಹಿಂದಕ್ಕೆ ಕರೆದು ಒಂದು ಮಾತು ಕೇಳಿದ್ದಳಂತೆ. ನೀವು ಏನು ಬೇಕಾದರೂ ಬೈಯಿರಿ, ಎಷ್ಟು ಬೇಕಾದರೂ ದುಡಿಸಿ, ಪಂಪ್ ಸ್ಟೌ ಹತ್ತಿರ ಮಾತ್ರ ನನ್ನ ಮಗಳನ್ನು ಬಿಡಬೇಡಿ, ಮಾತು ಕೊಡಿ, ಎಂದು. ಗಂಡಿನ ತಾಯಿಯ ಮುಖಕ್ಕೆ ಆ ಮಾತನ್ನು ಹೇಳುವುದೆಂದರೆ ಏನೆಂದು ಆ ಕಾಲದವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ಕೊಲ್ಲುವವರೋ ಅಲ್ಲವೋ ನನಗೆ ಗೊತ್ತಿಲ್ಲ ಎಂದ ಹಾಗೆ. ಅದೂ ಮದುವೆಯ ದಿನ.

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಅಮ್ಮನನ್ನು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಉರ್ದುವಿನಲ್ಲಿ ಮಾತಾಡತೊಡಗಿದರು. ಅಲ್ಲಿಗೆ ನನಗೆ ಹೋದ ಜೀವ ಬಂತು. ಅವತ್ತು ನನಗೂ ಸಿಟ್ಟು ಬಂದಿತ್ತು, ಅಂದರು. ಊಟ ಸೇರಲಿಲ್ಲ, ಮನೆಗೆ ಬಂದು ಗಂಡನ ಫೋಟೋದ ಮುಂದೆ ಕೂತು ಬಾಯಿಗೆ ಬಂದ ಹಾಗೆ ನಿಮ್ಮನ್ನು ಬೈದೆ. ಬೈದು ಬೈದು ಸುಸ್ತಾದ ಮೇಲೆ, ನನಗೂ ಒಂದು ಹೆಣ್ಣಿದ್ದಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ, ಕೇಳುವ ಧೈರ್ಯ ಬರುತ್ತಿತ್ತೋ ಇಲ್ಲವೋ, ಅನ್ನಿಸಿತು. ಅದಕ್ಕೇ ಆ ಸ್ಟೌವನ್ನು ಅಟ್ಟಕ್ಕೆ ಹಾಕಿದೆ. ಈ ತೋಪಿನ ಗಾಳಿ ನೋಡಿ ಬೇರೆ ದಾರಿ ಕಾಣದೆ ಇಳಿಸಿದೆ. ಇಳಿಸಿದ ಮೇಲೆ ಅದರ ಹತ್ತಿರ ನಾನಲ್ಲದೆ ಇನ್ಯಾರು ಕೂರಬೇಕು?

ನನಗೇಕೆ ಇದನ್ನು ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ನಿಮ್ಮಮ್ಮ ನನ್ನನ್ನು ಹೀಗೆ ಕೇಳಿದಳು ಎಂದು ನಿನ್ನ ಬಾಯಿಂದ ನನ್ನ ಮಗನ ಕಿವಿಗೆ ಬಿದ್ದರೆ, ಅವನು ಇನ್ನೊಮ್ಮೆ ಕುಣಿಗಲ್ ಹೊಸ್ತಿಲು ತುಳಿಯುತ್ತಿದ್ದನೇ ಎಂದು ಅತ್ತೆ ನನ್ನನ್ನೇ ಕೇಳಿದರು. ಇಲಿಯಾಸ್ ಅಲ್ಲೇ ಮರದ ಮೇಲಿದ್ದರು. ಎಲ್ಲ ಕೇಳಿಸಿಕೊಂಡಿದ್ದರೂ ಕೆಳಗಿಳಿಯಲಿಲ್ಲ. ಒಂದು ಕೊಂಬೆ ಮಾತ್ರ ಕಾರಣವಿಲ್ಲದೆ ಜೋರಾಗಿ ಅಲುಗಿ ನಮ್ಮ ಮೇಲೆಲ್ಲ ಹಣ್ಣು ಉದುರಿತು.

ಆಮೇಲೆ ಅತ್ತೆ ಸೆರಗಿನ ತುದಿ ಬಿಚ್ಚಿ, ಆ ಪಿನ್ನನ್ನು ತೆಗೆದು ಅಮ್ಮನ ಅಂಗೈಯಲ್ಲಿಟ್ಟರು. ಜ್ವರದಲ್ಲಿ ನನ್ನ ಕೈ ನಡುಗುತ್ತಿದೆ, ಆಳುಗಳ ಮುದ್ದೆಗೆ ಇನ್ನೂ ನೀರು ಕಾದಿಲ್ಲ, ಅಂದರು. ಮತ್ತೆ ಎಲ್ಲರಿಗೂ ಕೇಳುವ ಹಾಗೆ, ಪುಟ್ಟಗೌರಮ್ಮನಿಗೂ ಕೇಳುವ ಹಾಗೆ, ಕನ್ನಡದಲ್ಲಿ, "ಮಾತು ಕೊಟ್ಟಿದ್ದು ನಿಮಗೆ. ಬಿಡಿಸೋದಾದ್ರೆ ನೀವೇ ಬಿಡಿಸ್ಬೇಕು. ಇಲ್ದಿದ್ರೆ ನಾನೇ ಎದ್ದು ಹಚ್ತೀನಿ," ಅಂದರು. ಆ ಒಂದು ಸಲ ಅವರ ಕನ್ನಡದಲ್ಲಿ ಗದರಿಕೆ ಇರಲಿಲ್ಲ.

ಅಮ್ಮ ಪಿನ್ನನ್ನು ನೋಡಿದಳು, ಸ್ಟೌವನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನಮ್ಮ ಬೀದಿಯ ಆ ಹುಡುಗಿ ಬಂದು ಹೋದದ್ದು ನನಗೆ ಕಂಡಿತು. ಕೊನೆಗೆ ನನ್ನ ಕೈ ಎಳೆದು ಪಿನ್ನನ್ನು ಒಳಗಿಟ್ಟು ಬೆರಳು ಮಡಿಸಿ, "ಹಚ್ಚು," ಅಂದಳು.

ನಾನು ಹಚ್ಚಿದೆ. ಅಂದರೆ, ಹಚ್ಚಲು ಹೋದೆ. ಬರ್ನರಿನ ಕೆಳಗಿನ ಪುಟ್ಟ ಬಟ್ಟಲಿನಲ್ಲಿ ಎಣ್ಣೆ ಉರಿಸಿ ಅದು ಚೆನ್ನಾಗಿ ಕಾಯುವ ತನಕ ತಡೆದು ಪಂಪು ಹೊಡೆಯಬೇಕು ಎಂಬುದನ್ನು ಇಷ್ಟು ದಿನ ದೂರದಿಂದಲೇ ನೋಡಿದ್ದೆ. ಆತುರಗೇಡಿ ನಾನು, ತಡೆಯದೆ ಎರಡು ಪಂಪು ಹೊಡೆದುಬಿಟ್ಟೆ. ಹಳದಿ ಬೆಂಕಿ ಭಗ್ಗೆಂದು ಎದೆಯೆತ್ತರ ಎದ್ದಿತು. ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಎರಡು ಕಡೆಯಿಂದ ಇಬ್ಬರು ಹೆಂಗಸರು ನನ್ನ ಮುಂದೆ ಬಂದಾಗಿತ್ತು. ಆ ಒದ್ದೆ ಗೋಣಿಯ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ತುದಿ ಅತ್ತೆಯ ಕೈಯಲ್ಲಿ, ನಾನು ಅದರ ಹಿಂದೆ. ಜ್ವರದವರು ಅಷ್ಟು ಬೇಗ ಹೇಗೆ ಎದ್ದರೋ ದೇವರೇ ಬಲ್ಲ. ಬೆಂಕಿ ತಾನಾಗಿಯೇ ತಗ್ಗಿ, ಬರ್ನರು ಕಾದು, ನೀಲಿಗೆ ತಿರುಗಿ ಭರ್ರೆಂದಿತು. ಅವರಿಬ್ಬರೂ ಗೋಣಿ ಹಿಡಿದುಕೊಂಡೇ ನಿಂತಿದ್ದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಮುದ್ದೆಯ ನೀರು ಕುದಿಯುವ ತನಕ ನಕ್ಕರು. ಪುಟ್ಟಗೌರಮ್ಮ ಕಣ್ಣೊರೆಸಿಕೊಂಡು, ಇಷ್ಟೆಲ್ಲಾ ಇದೆಯೆಂದು ಗೊತ್ತಿದ್ದರೆ ಮೂರು ಕಲ್ಲಿಗೆ ನಾನೇ ಜಾಗ ಕೊಡುತ್ತಿದ್ದೆನಲ್ಲೇ ಖೈರಮ್ಮ ಅಂದಳು. ಅಷ್ಟು ಅಂದದ್ದೇ ಹೊರತು ಕೊಡಲಿಲ್ಲ.

ಅಮ್ಮ ಎರಡು ದಿನ ನಮ್ಮ ಜೊತೆ ತೋಪಿನಲ್ಲೇ ಇದ್ದು ಬೀಗಿತ್ತಿಯ ಕಾಲೊತ್ತಿ ಗಂಜಿ ಕುಡಿಸಿ ಹೋದಳು. ನಾನು ಕುಣಿಗಲ್‌ಗೆ ಹೋದದ್ದು ಹಬ್ಬದ ದಿನ, ಗಂಡ ಮತ್ತು ಅತ್ತೆಯ ಜೊತೆಯಲ್ಲೇ. ಆ ಸ್ಟೌವನ್ನು ಆಮೇಲೆ ಎಷ್ಟೋ ಬೇಸಿಗೆ ಎಷ್ಟೋ ತೋಪುಗಳಿಗೆ ಹೊತ್ತುಕೊಂಡು ಹೋಗಿದ್ದೇವೆ. ಹಚ್ಚುವವಳು ನಾನು. ನಾನು ಹಚ್ಚಿದಾಗಲೆಲ್ಲ ಅತ್ತೆ ಎಲ್ಲಿದ್ದರೂ ಬಂದು, ಗೋಣಿ ಅದ್ದಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಬೇಡ ಅಮ್ಮಿ, ನನಗೆ ಈಗ ಬರುತ್ತದೆ ಅಂದರೆ, ನಾನೇನು ನಿನಗೋಸ್ಕರ ಕೂತಿಲ್ಲ, ತಣ್ಣಗಿರುತ್ತದೆ ಎಂದು ಕೂತಿದ್ದೇನೆ ಅನ್ನುತ್ತಿದ್ದರು.

ಅಂಗಡಿಯಲ್ಲಿ ನಾಜಿಯಾ ಕೊನೆಗೆ ಡಬ್ಬಿ ಗ್ಯಾಸಿನದನ್ನೇ ಆರಿಸಿದಳು. ಗಾಳಿಗೆ ಅಡ್ಡ ಹಿಡಿಯಲು ಒಂದು ತಗಡು ತೆಗೆದುಕೋ, ಡಬ್ಬಿ ಎರಡಿರಲಿ, ಟೆಂಟಿನ ಒಳಗೆ ಹಚ್ಚಬೇಡ ಎಂದು ನಾನು ಹೇಳಿದ ಮೂರೂ ಮಾತಿಗೆ ಅಂಗಡಿಯವನು ತಲೆಯಾಡಿಸಿದ ಮೇಲೆ ಅವಳು ನನ್ನನ್ನು ಬೇರೆ ಥರ ನೋಡಿದಳು. ತುಮಕೂರಿನಲ್ಲೇ ಇರುವ ಸದಾಶಿವನಗರದ ನಮ್ಮ ಮನೆಗೆ ಬಂದವಳೇ ಹಿತ್ತಲಿನಲ್ಲಿ ಅದನ್ನು ಜೋಡಿಸಿ ಪರೀಕ್ಷೆಗೆ ಕೂತಳು. ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಜಪಮಾಲೆ ತಿರುಗಿಸುತ್ತಿದ್ದರು. ಈಗ ಅವರಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ, ಮಾತೂ ಕಡಿಮೆ.

ಮಗಳು ತಿರುಗಿ ನೋಡಿ, "ಮಮ್ಮೀ, ಏನದು ಕೈಯಲ್ಲಿ?" ಎಂದು ಕೇಳಿದಾಗಲೇ ನಾನು ನನ್ನ ಕೈ ನೋಡಿಕೊಂಡದ್ದು. ಅಕ್ಕಿ ಮೂಟೆಯ ಹಳೇ ಗೋಣಿ. ನಲ್ಲಿಯ ಕೆಳಗೆ ಅದನ್ನು ಯಾವಾಗ ಹಿಡಿದೆನೋ ನನಗೇ ತಿಳಿಯದು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದಕ್ಕೆ ಪಂಪೂ ಇಲ್ಲ, ಪಿನ್ನೂ ಇಲ್ಲ. ಬಟನ್ ಒತ್ತಿದ್ರೆ ಆಯ್ತು. ಏನೂ ಆಗಲ್ಲ ಮಮ್ಮೀ," ಅಂದಳು.

ನೀನು ಹಚ್ಚು, ನಾನು ಸುಮ್ಮನೆ ನಿಂತಿರುತ್ತೇನೆ ಅಂದೆ. ಅವಳು ನಗುತ್ತ ಸ್ಟೌವಿನ ಕಡೆ ಬಾಗಿದಳು. ಬಾಗಿಲಲ್ಲಿ ಜಪಮಾಲೆ ನಿಂತಿತು. ಅತ್ತೆ ನನ್ನ ಕೈಯಲ್ಲಿದ್ದ ಗೋಣಿಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, ಉರ್ದುವಿನಲ್ಲಿ, ಅದು ಸರಿಯಾಗಿ ನೆನೆದಿಲ್ಲ, ಇನ್ನೊಂದು ಚೊಂಬು ನೀರು ಹಾಕು ಅಂದರು.